ವಿಲ್ ಬರೆಯಲು ಕೂತೆ, ಹೊಲ ಅರ್ಧ ಆಯಿತು

ನಮ್ಮ ಕಲಬುರಗಿ ಕಡೆ ವಿಲ್‌ಗೆ ಮೃತ್ಯುಪತ್ರ ಅಂತಾರೆ. ಹೆಸರಲ್ಲೇ ಸಾವು ಕೂತಿದೆ. ಮನೆಯಲ್ಲಿ ಆ ಮಾತು ತೆಗೆದ ದಿನ ಹೆಂಡತಿ ಒಲೆ ಆರಿಸಿ ಬಂದು ಎದುರು ಕೂತಳು. "ಡಾಕ್ಟರ್ ಏನರೆ ಹೇಳ್ಯಾರೇನ್ರಿ?" ಡಾಕ್ಟರ್ ಏನೂ ಹೇಳಿರಲಿಲ್ಲ. ಮಾಸ್ತರಕಿಯಿಂದ ನಿವೃತ್ತನಾಗಿ ಎರಡು ವರ್ಷವಾಗಿತ್ತು. ಜೊತೆಗೆ ಕೆಲಸ ಮಾಡಿದ ಒಬ್ಬರು ಏನೂ ಬರೆಯದೆ ತೀರಿಕೊಂಡಿದ್ದರು. ಅವರ ಮಕ್ಕಳು ಕೋರ್ಟಿಗೆ ಅಲೆಯುವುದನ್ನು ನೋಡುತ್ತಿದ್ದೆ.

ಒಂದು ಭಾನುವಾರ ಕೂತರೆ ಮುಗೀತು ಅಂದುಕೊಂಡಿದ್ದೆ. ಬರೆಯುವುದೇನೋ ಸುಲಭವೇ. ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಕೇಳುವುದು ಇಷ್ಟೇ: ನಾನು ಸಹಿ ಹಾಕಬೇಕು, ಅದನ್ನು ಕಂಡ ಕನಿಷ್ಠ ಇಬ್ಬರು ಸಾಕ್ಷಿಗಳು ನನ್ನ ಎದುರೇ ಸಹಿ ಹಾಕಬೇಕು. ನೋಂದಣಿಯೂ ಕಡ್ಡಾಯವಲ್ಲ. ನನ್ನನ್ನು ಆರು ತಿಂಗಳು ಓಡಾಡಿಸಿದ್ದು ಬೇರೆ ಪ್ರಶ್ನೆ. ಬರೆದುಕೊಡಲು ಹೊರಟಿದ್ದರಲ್ಲಿ ನನ್ನದು ಎಷ್ಟು?

ಸೇಡಂ ರಸ್ತೆ ಕಡೆಯ ಮನೆ ಸಂಬಳದಲ್ಲಿ, ಸಾಲ ಮಾಡಿ ಕಟ್ಟಿದ್ದು. ಸ್ವಯಾರ್ಜಿತ, ಯಾರಿಗೆ ಬೇಕಾದರೂ ಬರೆಯಬಹುದು. ತಕರಾರು ಇದ್ದದ್ದು ಆಳಂದ ತಾಲ್ಲೂಕಿನ ಎಂಟು ಎಕರೆ ತೊಗರಿ ಹೊಲದ್ದು. ಪಹಣಿಯಲ್ಲಿ ನನ್ನೊಬ್ಬನ ಹೆಸರಿತ್ತು. 2009ರಲ್ಲಿ ಅಪ್ಪ ಹೋದ ಮೇಲೆ ವಾರಸಾ ಮಾಡಿಸುವಾಗ ಅಕ್ಕನ ಹೆಸರು ಹಾಕಿಸುವ ಯೋಚನೆ ಯಾರಿಗೂ ಬರಲಿಲ್ಲ. ನನಗೂ ಬರಲಿಲ್ಲ. ಅಥವಾ ಬಂದರೂ ಸುಮ್ನಿದ್ದೆ.

ವಕೀಲರು ಮೊದಲು ಕೇಳಿದ್ದು ಹಳೆಯ ಕಾಗದ. ನಮ್ಮ ಭಾಗ 1956ರ ತನಕ ಹೈದರಾಬಾದ್ ರಾಜ್ಯದಲ್ಲಿತ್ತು, ಹಾಗಾಗಿ 1954-55ರ ಖಾಸ್ರಾ ಪಹಣಿ, ಅಂದರೆ ಆಗಿನ ಜಮೀನು ದಾಖಲೆ, ಉರ್ದುವಿನಲ್ಲಿದೆ. ನಕಲು ಸಿಕ್ಕಿತು, ಓದಲು ಬರಲಿಲ್ಲ. ಉರ್ದು ಶಾಲೆಯ ನಿವೃತ್ತ ಮಾಸ್ತರೊಬ್ಬರ ಮನೆಗೆ ಒಯ್ದೆ. ಅವರು ಕನ್ನಡಕ ಏರಿಸಿ, ಸಾಲಿನ ಮೇಲೆ ಬೆರಳಿಟ್ಟು ನನ್ನ ಅಜ್ಜನ ಹೆಸರು ಓದಿದರು. ಚಹಾ ಕುಡಿಯುತ್ತ "ನಿಮ್ದು ಆರಾಮ ಬಿಡ್ರಿ" ಅಂದರು. ಮುಸ್ಲಿಮರಲ್ಲಿ ಸಾಲ, ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದಿದ್ದರ ಮೂರನೇ ಒಂದು ಭಾಗಕ್ಕೆ ಮಾತ್ರ ವಸೀಯತ್ ಮಾಡಬಹುದು. ಜಾಸ್ತಿ ಕೊಡಬೇಕಾದರೆ ವಾರಸುದಾರರು ಒಪ್ಪಬೇಕು.

ನನ್ನ ಆರಾಮ ಮರುದಿನವೇ ಮುಗಿಯಿತು. ಅಜ್ಜನ ಹೊಲ ಅಂದರೆ ಪಿತ್ರಾರ್ಜಿತ, ಅದರಲ್ಲಿ ಅಕ್ಕನಿಗೂ ಪಾಲಿದೆ ಅಂದರು ವಕೀಲರು. ಅಕ್ಕನ ಮದುವೆ 1984ರಲ್ಲೇ ಆಗಿದೆ, 1994ಕ್ಕೆ ಮೊದಲು ಮದುವೆಯಾದವರಿಗೆ ಪಾಲಿಲ್ಲವಲ್ಲ ಅಂದೆ. ಊರ ಕಟ್ಟೆಯ ಮೇಲೆ ಇವತ್ತಿಗೂ ಓಡಾಡುವ ಮಾತದು. ಸುಳ್ಳೇನಲ್ಲ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ 1994ರ ತಿದ್ದುಪಡಿಯಲ್ಲಿ ಹಾಗೇ ಇತ್ತು. ಆದರೆ 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದ ಮೇಲೆ ಆ ಷರತ್ತು ನಡೆಯುವುದಿಲ್ಲ. "ಅಪ್ಪ ಬಾಯಿಮಾತಲ್ಲಿ ನನಗೇ ಕೊಟ್ಟಿದ್ದರು" ಅಂದೆ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ವಾಟ್ನಿ ಪತ್ರವೋ (ಆಸ್ತಿ ಪಾಲು ಮಾಡಿಕೊಂಡ ಪತ್ರ) ಕೋರ್ಟಿನ ಡಿಕ್ರಿಯೋ ಇದೆಯಾ ಅಂತ ಕೇಳಿದರು. ಎರಡೂ ಇರಲಿಲ್ಲ. ಅವ್ವ ಅಪ್ಪನಿಗಿಂತ ಮೊದಲೇ ತೀರಿದ್ದರಿಂದ ಲೆಕ್ಕ ಸರಳವಾಯಿತು. ನಾಲ್ಕು ಎಕರೆ ನನಗೆ, ನಾಲ್ಕು ಅಕ್ಕನಿಗೆ.

ಪಂಚಮಿಗೆ ಬಂದಾಗ ಒಂದು ಇಳಕಲ್ ಸೀರೆ ಉಡಿಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿಸ್ಕೋ ಅಂತ ಬಂಧುಗಳು ಹೇಳಿದರು. ಸುಳ್ಳು ಯಾಕೆ, ಎರಡು ರಾತ್ರಿ ನಾನೂ ಅದನ್ನೇ ಯೋಚಿಸಿದೆ. ಅಕ್ಕ ಬಂದಳು. ಕಾಗದ ಮುಂದಿಟ್ಟು ಎಲ್ಲ ಹೇಳಿದೆ. ಉಂಡಿ ಮುರಿದು ಬಾಯಿಗೆ ಹಾಕಿಕೊಂಡು "ರೊಕ್ಕ ಬ್ಯಾಡ ತಮ್ಮಾ, ಹೊಲಾನೇ ಇರ್ಲಿ" ಅಂದಳು. ವಾಟ್ನಿ ಪತ್ರ ಮೊದಲು ನೋಂದಣಿಯಾಯಿತು. ನನ್ನ ನಾಲ್ಕು ಎಕರೆಯೂ ಪೂರ್ತಿ ನನ್ನದಲ್ಲ, ಅದರಲ್ಲಿ ಮಕ್ಕಳ ಹುಟ್ಟಿನ ಹಕ್ಕೂ ಸೇರಿದೆ. ಅದಕ್ಕೇ ವಿಲ್‌ನಲ್ಲಿ ಎಕರೆ ಲೆಕ್ಕ ಹಾಕದೆ "ಇದರಲ್ಲಿ ನನಗೆ ಬರುವ ಹಿಸ್ಸೆ" ಅಂತ ಬರೆದೆ.

ಮನೆ ಪೂರ್ತಿ ಹೆಂಡತಿಗೆ. ಮಗನಿಗೆ ಬರೆದು "ತಾಯಿಯನ್ನು ನೋಡಿಕೊಳ್ಳತಕ್ಕದ್ದು" ಅಂತ ಸೇರಿಸುವ ರೂಢಿ ಇದೆಯಲ್ಲ, ಅದು ನನಗೆ ಹಿಡಿಸುವುದಿಲ್ಲ. ಅವನು ನೋಡಿಕೊಳ್ಳದಿದ್ದರೆ ಅವಳು ಆ ಒಂದು ಸಾಲು ಹಿಡಿದು ಎಲ್ಲಿಗೆ ಹೋಗಬೇಕು?

ಸಾಕ್ಷಿ ಸಹಿಗೆ ಅಳಿಯನನ್ನು ಕರೆದಿದ್ದೆ. ವಕೀಲರು ಬೇಡ ಅಂದರು. ಹಿಂದೂಗಳಲ್ಲಿ ಅಷ್ಟಕ್ಕೇ ವಿಲ್ ಬಿದ್ದುಹೋಗುವುದಿಲ್ಲ. ಆದರೆ ಪಾಲು ಪಡೆಯುವವಳ ಗಂಡನೇ ಸಾಕ್ಷಿ ಅಂದರೆ ಎದುರಿನ ವಕೀಲನಿಗೆ ಹಬ್ಬ. ಇನ್ನೊಂದು ಮಾತು ನನಗೆ ಗೊತ್ತೇ ಇರಲಿಲ್ಲ. ವಿಲ್ ನೋಂದಣಿಯಾಗಿದ್ದರೂ, ವ್ಯಾಜ್ಯ ಬಂದಾಗ ಅದನ್ನು ಸಾಬೀತು ಮಾಡಲು ಸಾಕ್ಷಿಗಳಲ್ಲಿ ಒಬ್ಬರಾದರೂ ಕೋರ್ಟಿನಲ್ಲಿ ನಿಂತು ಹೇಳಬೇಕು. ನಾನು ನೆಚ್ಚಿಕೊಂಡಿದ್ದ ಗೆಳೆಯರಿಗೆಲ್ಲ ನನ್ನಷ್ಟೇ ವಯಸ್ಸು! ಕೊನೆಗೆ ಊರಲ್ಲೇ ಇರುವ, ನಲವತ್ತು ದಾಟದ ಇಬ್ಬರು ಹಳೆಯ ವಿದ್ಯಾರ್ಥಿಗಳನ್ನು ಕರೆದೆ. ಬುದ್ಧಿ ಸ್ವಸ್ಥವಾಗಿದೆ ಅಂತ ಅದೇ ದಿನ ಡಾಕ್ಟರಿಂದ ಬರೆಸಿಕೊಂಡು, ಉಪನೋಂದಣಿ ಕಚೇರಿಯಲ್ಲಿ ಫೋಟೋ, ಹೆಬ್ಬೆಟ್ಟು ಕೊಟ್ಟು ಬಂದೆ.

ಇನ್ನು ಬ್ಯಾಂಕಿನದು. ನಾಮಿನಿ ಅಂದರೆ ಮಾಲೀಕರಲ್ಲ, ದುಡ್ಡು ಕೈಗೆ ತೆಗೆದುಕೊಂಡು ವಾರಸುದಾರರಿಗೆ ಮುಟ್ಟಿಸುವವರು ಅಷ್ಟೆ. ಹಾಗಾಗಿ ಠೇವಣಿ ಹೆಂಡತಿಗೆ ಅಂತ ವಿಲ್‌ನಲ್ಲೂ ಬರೆದೆ. ಪಟ್ಟಿ ಮಾಡಲು ಪಾಸ್‌ಬುಕ್ಕುಗಳನ್ನೆಲ್ಲ ಹೊರತೆಗೆದಾಗ ಒಂದು ಹಳೆಯ ಖಾತೆಗೆ ನಾಮಿನಿ ನಮ್ಮ ಅವ್ವ. ಬದಲಾಯಿಸಲು ಅರ್ಜಿ ಕೊಟ್ಟು ಮೂರು ವಾರವಾಯಿತು. ಮೊನ್ನೆ ಹೋಗಿ ಕೇಳಿದೆ, ಇನ್ನೂ ಅವ್ವನ ಹೆಸರೇ ಇದೆ.