ಠಾಣೆಯಿಂದ ಕರೆ ಬಂದಾಗ: ಹದಿನೆಂಟು ತುಂಬದ ಹುಡುಗನ ಮನೆಯವರಿಗೆ

ಹುಡುಗನನ್ನು ಪೊಲೀಸರು ಕರೆದೊಯ್ದರು ಅಂದ ಕೂಡಲೇ ಮನೆಯವರು ಊರಿನ ಮುಖಂಡರ ಮನೆಗೆ ಓಡುತ್ತಾರೆ. ಮೊದಲು ಹೋಗಬೇಕಾದ್ದು ಅವನು ಓದಿದ ಶಾಲೆಗೆ. ಮುಂದಿನದೆಲ್ಲ ನಿಂತಿರುವುದು ವಯಸ್ಸಿನ ದಾಖಲೆಯ ಮೇಲೆ.

2015ರ ಬಾಲ ನ್ಯಾಯ ಕಾಯ್ದೆಯ 94ನೇ ಕಲಂ ಇದಕ್ಕೊಂದು ಕ್ರಮ ಹೇಳುತ್ತದೆ. ಮೊದಲು ಶಾಲೆಯ ಜನ್ಮ ದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಾಲಿಕೆ, ಪುರಸಭೆ ಅಥವಾ ಪಂಚಾಯಿತಿ ಕೊಟ್ಟ ಜನನ ಪ್ರಮಾಣಪತ್ರ. ಎರಡೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆ. ಆಧಾರ್ ಈ ಪಟ್ಟಿಯಲ್ಲೇ ಇಲ್ಲ. ಅದೊಂದನ್ನೇ ಹಿಡಿದು ಹೋದವರು ಬರಿಗೈಲಿ ವಾಪಸಾಗುತ್ತಾರೆ. ಘಟನೆ ನಡೆದ ದಿನ 18 ತುಂಬಿರಲಿಲ್ಲವೇ ಎಂಬುದಷ್ಟೇ ಲೆಕ್ಕ, ಇವತ್ತಿನ ವಯಸ್ಸಲ್ಲ. ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದುಕೊಂಡ ಮಕ್ಕಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಎರಡು ದಾಖಲೆಯಲ್ಲಿ ಎರಡು ತಾರೀಖಿದ್ದರೆ ಮುಚ್ಚಿಡದೆ ವಕೀಲರಿಗೆ ಮೊದಲೇ ತೋರಿಸಿ.

ಠಾಣೆಯಲ್ಲಿ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರು ಎಂದು ಕೇಳಿ. ಲಾಕಪ್ಪಿಗೆ ಹಾಕುವಂತಿಲ್ಲ, ಬೇಡಿ ತೊಡಿಸುವಂತಿಲ್ಲ, ಹೇಳಿಕೆಗೆ ಸಹಿ ಹಾಕಿಸುವಂತಿಲ್ಲ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಲೇಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. ವಕೀಲರಿಗೆ ದುಡ್ಡಿಲ್ಲ ಅಂತ ಸಾಲ ಮಾಡಬೇಡಿ: ಮಕ್ಕಳಿಗೆ ಮನೆಯ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ದೂರವಾಣಿ 15100.

ಜಾಮೀನಿನ ವಿಷಯಕ್ಕೆ ಬಂದರೆ, 12ನೇ ಕಲಂ ಪ್ರಕಾರ ಮಕ್ಕಳಿಗೆ ಜಾಮೀನು ಕೊಡುವುದೇ ನಿಯಮ, ಅದೂ ಶ್ಯೂರಿಟಿ ಇಲ್ಲದೆಯೂ ಕೊಡಬಹುದು. ನಿರಾಕರಿಸಲು ಮೂರೇ ಕಾರಣ: ಹೊರಬಂದರೆ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯವಿದೆ, ಅಥವಾ ನ್ಯಾಯದ ಉದ್ದೇಶವೇ ಕೆಡುತ್ತದೆ. ಹೆಚ್ಚಿನವರು ಎಡವುವುದು ಮೊದಲನೆಯದರಲ್ಲಿ. ಜೊತೆಗೆ ಸಿಕ್ಕಿಬಿದ್ದ ದೊಡ್ಡ ಹುಡುಗರು ಅದೇ ಬೀದಿಯವರಾಗಿದ್ದರೆ "ಮನೆಗೆ ಕಳಿಸಿ ಸ್ವಾಮಿ" ಎಂದು ಬೇಡಿಕೊಂಡರೆ ಸಾಲದು. ಬೇರೆ ಊರಿನ ಸೋದರಮಾವನನ್ನೋ ದೊಡ್ಡಮ್ಮನನ್ನೋ ಅಂದೇ ಕರೆತಂದು, ಹುಡುಗ ಅಲ್ಲಿ ಎಲ್ಲಿ ಮಲಗುತ್ತಾನೆ, ಯಾವ ಶಾಲೆಗೆ ಹೋಗುತ್ತಾನೆ ಎಂಬುದನ್ನು ಅವರ ಬಾಯಲ್ಲೇ ಹೇಳಿಸಿ. ಜಾಮೀನು ಸಿಕ್ಕಿಯೂ ಅದರ ಷರತ್ತು ಪೂರೈಸಲಾಗದೆ 7 ದಿನ ಕಳೆದರೂ ಹುಡುಗ ಒಳಗೇ ಇದ್ದರೆ ಷರತ್ತು ಸಡಿಲಿಸಲು ಮಂಡಳಿಯ ಮುಂದೆ ತರಬೇಕು; ಇದನ್ನು ವಕೀಲರಿಗೆ ನೀವೇ ನೆನಪಿಸಿ.

ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ಎರಡು ವಾರದಲ್ಲಿ ಸಾಮಾಜಿಕ ತನಿಖಾ ವರದಿ ಕೊಡಬೇಕು. ಮಂಡಳಿ ನಿಮ್ಮ ಮನೆಯನ್ನು ನೋಡುವುದು ಈ ವರದಿಯ ಕಣ್ಣಲ್ಲಿ. ಅವರು ಬಂದಾಗ ಮರ್ಯಾದೆಗಂಜಿ "ನಮ್ಮಲ್ಲಿ ಎಲ್ಲ ಸರಿಯಿದೆ" ಅಂದರೆ ಅದರಿಂದ ನಷ್ಟವೇ. ಅಪ್ಪನ ಕುಡಿತ, ಸಾಲ, ಹುಡುಗ ಗ್ಯಾರೇಜಿನಲ್ಲಿ ದುಡಿಯುತ್ತಿದ್ದದ್ದು ಎಲ್ಲ ಹೇಳಿ. ಜೊತೆಗೆ ಹಾಜರಾತಿ ಪ್ರತಿ, ಶಿಕ್ಷಕರ ಒಂದು ಪತ್ರ ಕೊಡಿ.

ಇಷ್ಟರಲ್ಲಿ ಶಾಲೆಯವರು ಟಿಸಿ ತೆಗೆದುಕೊಂಡು ಹೋಗಿ ಅಂದಿರುತ್ತಾರೆ. ಬರವಣಿಗೆಯಲ್ಲಿ ಕಾರಣ ಕೇಳಿ. ಬಾಯಿಮಾತಿಗೆ ಟಿಸಿ ಬೇಡವೇ ಬೇಡ. ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 14ರ ಮಗುವನ್ನು ಎಂಟನೇ ತರಗತಿ ಮುಗಿಯುವ ತನಕ ಹೊರಹಾಕುವಂತಿಲ್ಲ. ದೂರನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಹುಡುಗನ ಹೆಸರು, ಫೋಟೊ, ಶಾಲೆ ಪತ್ರಿಕೆಯಲ್ಲಾಗಲಿ ವಾಟ್ಸಾಪಿನಲ್ಲಾಗಲಿ ಬಂದರೆ ಬಾಲ ನ್ಯಾಯ ಕಾಯ್ದೆಯ 74ನೇ ಕಲಮಿನಡಿ 6 ತಿಂಗಳವರೆಗೆ ಸಜೆ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇದೆ. ಮತ್ತೆ ಶಾಲೆಗೆ ಹೋಗಲು ಒಪ್ಪದ ಹುಡುಗನಿಗೆ ಮುಕ್ತ ಶಾಲೆ ಅಥವಾ ಐಟಿಐ ನೋಡಿ.

ಹುಡುಗನ ತಮ್ಮ-ತಂಗಿಯರೂ ಶಾಲೆ ಬಿಟ್ಟಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಪ್ರಾಯೋಜಕತ್ವ ಯೋಜನೆಗೆ ಅರ್ಜಿ ಹಾಕಿ; ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ತುರ್ತು ಅಪಾಯವಿದ್ದರೆ ಮಕ್ಕಳ ಸಹಾಯವಾಣಿ 1098.

ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ವಾಯಿದೆಯ ತಾರೀಖು ಬರೆದಿಡಿ. ಸಣ್ಣ ಅಪರಾಧದ ವಿಚಾರಣೆ ಮೊದಲ ಹಾಜರಿಯಿಂದ 4 ತಿಂಗಳಲ್ಲಿ, ವಿಸ್ತರಿಸಿದರೂ ಇನ್ನೆರಡು ತಿಂಗಳಲ್ಲಿ ಮುಗಿಯಬೇಕು; ಮುಗಿಯದಿದ್ದರೆ ಪ್ರಕರಣ ಅಲ್ಲಿಗೇ ಕೊನೆ. ಆ ದಿನ ದಾಟಿದ್ದನ್ನು ಎತ್ತಿ ಹೇಳಲು ನಿಮ್ಮ ಕೈಯಲ್ಲಿರುವುದು ಆ ನೋಟ್‌ಬುಕ್ಕೇ.