ಭೂಮಿ ಹುಣ್ಣಿಮೆಯ ಬುಟ್ಟಿ ಹಗುರ ಮಾಡಿಕೊಂಡ ಬಗೆ

ವಿಜಯದಶಮಿ ಕಳೆದು ಐದನೇ ದಿನಕ್ಕೆ ಭೂಮಿ ಹುಣ್ಣಿಮೆ, ಗದ್ದೆಗೆ ಬುಟ್ಟಿಯಲ್ಲಿ ಎಡೆ ಒಯ್ದು ಭೂಮಿತಾಯಿಗೆ ಉಣಿಸುವ ಹಬ್ಬ. ಅಲ್ಲಿಂದ ಹದಿನೈದು ದಿನಕ್ಕೆ ದೀಪಾವಳಿ, ನಮ್ಮ ಕಡೆಯ ದೊಡ್ಡಹಬ್ಬ. ಸಾಗರ, ಸೊರಬ, ಹೊಸನಗರದ ಹಳ್ಳಿಗಳಲ್ಲಿ ತಿಂಗಳೊಪ್ಪತ್ತಿನಲ್ಲಿ ಮೂರು ಹಬ್ಬ ಮುಗಿಸಬೇಕು. ಹಿಂದೆ ಒಂದು ಮನೆಯಲ್ಲಿ ನಾಲ್ಕೈದು ಹೆಂಗಸರಿದ್ದರು. ರಾತ್ರಿಯಿಡೀ ಹಾಡು ಹೇಳುತ್ತಾ ಅಟ್ಟು, ಕೋಳಿ ಕೂಗುವ ಹೊತ್ತಿಗೆ ಬುಟ್ಟಿ ತುಂಬಿ ಹೊರಿಸುತ್ತಿದ್ದರು. ಈಗ ಆ ಕೆಲಸವೆಲ್ಲ ಒಬ್ಬರ ಮೇಲೆ, ಹೆಚ್ಚೆಂದರೆ ಇಬ್ಬರ ಮೇಲೆ ಬಿದ್ದಿದೆ. ಅಡುಗೆಯ ಪಟ್ಟಿ ಮಾತ್ರ ಆಗಿನದೇ. ಅಟ್ಟವರಿಗೆ ಗದ್ದೆಯಲ್ಲಿ ಕೂತು ಉಣ್ಣುವಷ್ಟೂ ತ್ರಾಣ ಉಳಿಯುವುದಿಲ್ಲ. ಇದು ಎರಡು ಮೂರು ವರ್ಷ ನಡೆದರೆ ಹಬ್ಬವೇ ನಿಲ್ಲುತ್ತದೆ. ಹಾಗೆ ನಿಂತ ಮನೆಗಳು ನಮ್ಮ ಸುತ್ತ ಬೇಕಾದಷ್ಟಿವೆ. ಪೂರ್ತಿ ಬಿಡುವ ಬದಲು ಲೆಕ್ಕ ಹಾಕಿ ಕಡಿಮೆ ಮಾಡಿಕೊಳ್ಳುವುದು ವಾಸಿ ಎಂದು ನಾವು ಹಿಡಿದ ದಾರಿ ಇದು.

ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂಬುದಕ್ಕೆ ಹೊರಗೆ ಹುಡುಕಬೇಕಾಗಿಲ್ಲ. ಗದ್ದೆಗೆಲ್ಲ ಬೀರುವ ಎಡೆಯೇ ಚರಗ, ಅದನ್ನು ಬೀರುವಾಗ ಕೂಗುವ ಮಾತೇ ಹೇಳುತ್ತದೆ: "ಹಚ್ಚಂಬಲಿ, ಹಾಲಂಬಲಿ, ಬೇಲಿ ಮೇಲಿನ ದಾರಹೀರೆಕಾಯಿ, ಗುಡ್ಡದ ಮೇಲಿನ ನೂರೊಂದು ಕುಡಿ, ಭೂಮ್ತಾಯಿ ಬಂದು ಉಂಡು ಹೋಗ್ಲಿ." ಊರಿಂದೂರಿಗೆ ಪದ ಹಿಂದೆಮುಂದಾಗುತ್ತದೆ, ಪದಾರ್ಥ ಇವೇ. ಹೊಡೆ ಕಟ್ಟಿದ ಭತ್ತ ಬಸುರಿ, ಅವಳ ಬಯಕೆಯ ಊಟ ಇದು. ಇದರಲ್ಲಿ ಹೋಳಿಗೆ ಇಲ್ಲ, ಚಿತ್ರಾನ್ನ ಇಲ್ಲ, ಪಾಯಸ ಇಲ್ಲ, ಕರಿದ ಪದಾರ್ಥ ಒಂದೂ ಇಲ್ಲ. ಕಾಲಕಾಲಕ್ಕೆ ಬಂದು ಸೇರಿಕೊಂಡವು ಇವೆಲ್ಲ. ಹಾಗಾಗಿ ಕೂಗಿನಲ್ಲಿ ಹೆಸರಿರುವುದನ್ನು ಬಿಡುವುದಿಲ್ಲ. ಅದರ ಜೊತೆ ಕೊಟ್ಟೆ ಕಡುಬು, ಮೊಸರನ್ನ. ಇಷ್ಟೇ. ಹೋಳಿಗೆಯನ್ನು ದೊಡ್ಡಹಬ್ಬಕ್ಕೆ ಕೊಟ್ಟಿದ್ದೇವೆ. ಹದಿನೈದು ದಿನದಲ್ಲಿ ಎರಡು ಸಲ ಹೂರಣ ರುಬ್ಬುವುದರಲ್ಲಿ ಅರ್ಥವಿಲ್ಲ.

ಹಿರಿಯರ ಹತ್ತಿರ ಈ ಮಾತೆತ್ತುವಾಗ "ಯಾವುದು ಬಿಡೋಣ?" ಎಂದು ಕೇಳಬಾರದು. ಯಾವುದನ್ನೂ ಬಿಡಲು ಅವರಿಗೆ ಮನಸ್ಸು ಬರುವುದಿಲ್ಲ. "ಅತ್ತೆ, ಯಾವುದಿಲ್ಲದಿದ್ರೆ ಹಬ್ಬ ಆಗಲ್ಲ?" ಎಂದು ಕೇಳಿ ನೋಡಿ. ಮೂರೋ ನಾಲ್ಕೋ ಹೆಸರು ಹೇಳಿ ಸುಮ್ಮನಾಗುತ್ತಾರೆ. ಅವರಿರುವಾಗಲೇ ಅಳತೆಯನ್ನೂ ಬರೆದಿಟ್ಟುಕೊಳ್ಳಬೇಕು. "ಎರಡು ಸಿದ್ದೆ ಅಕ್ಕಿ" ಎಂದು ಬರೆದರೆ ಸಾಲದು. ಸಿದ್ದೆ ಮನೆಮನೆಗೂ ಬೇರೆ. ಅವರು ಬಳಸುವ ಸಿದ್ದೆಯಲ್ಲೇ ಅಕ್ಕಿ ತುಂಬಿಸಿ, ತಕ್ಕಡಿಗಿಟ್ಟು ಗ್ರಾಂನಲ್ಲಿ ಬರೆಯಬೇಕು. "ಒಂದು ಮುಷ್ಟಿ" ಅಂದರೆ ಅವರ ಮುಷ್ಟಿಯನ್ನೇ ತೂಗಬೇಕು. ಹೋದವರ ಜೊತೆ ಹೋಗಿಬಿಡುವುದು ಈ ಅಂದಾಜು. ಆಮೇಲೆ ಎಷ್ಟು ಹಂಬಲಿಸಿದರೂ ಆ ರುಚಿ ಮತ್ತೆ ಸಿಗುವುದಿಲ್ಲ.

ಮೊದಲು ಸೊಪ್ಪಿನ ವಿಷಯ. ನೂರೊಂದು ಕುಡಿ ಒಟ್ಟುಮಾಡುವುದು ಈಗ ಆಗದ ಮಾತು. ಅದಕ್ಕೆ ಸೋಮಾರಿತನ ಕಾರಣವಲ್ಲ. ಅಂಚಿನ ಮೇಲೆ ಕಳೆನಾಶಕ ಹೊಡೆಯಲು ಶುರುವಾದ ಮೇಲೆ ಒಂದೆಲಗ, ಹೊನಗೊನೆ ಇರುತ್ತಿದ್ದ ಜಾಗ ಬೋಳಾಗಿದೆ. ಗದ್ದೆಯೇ ಅಡಿಕೆ ತೋಟವಾದ ಕಡೆ ಅಂಚೇ ಇಲ್ಲ. ಈ ನಷ್ಟ ನನಗೆ ಹಬ್ಬದ ಬೇರೆಲ್ಲ ನಷ್ಟಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಅಡುಗೆ ಕಡಿಮೆ ಮಾಡಿದರೆ ಮುಂದಿನ ವರ್ಷ ಹೆಚ್ಚು ಮಾಡಬಹುದು, ಹೋದ ಸೊಪ್ಪನ್ನು ತರುವುದು ಅಷ್ಟು ಸುಲಭವಲ್ಲ. ನಮ್ಮದು ಒಂಬತ್ತು ಕುಡಿಯ ಪಟ್ಟಿ: ಕೆಸು, ಒಂದೆಲಗ, ಹೊನಗೊನೆ, ಬಸಳೆ, ಹರಿವೆ, ನುಗ್ಗೆ, ಕುಂಬಳದ ಕುಡಿ, ಸೌತೆಯ ಕುಡಿ, ಚಕ್ರಮುನಿ. ಒಂದೊಂದರಲ್ಲಿ ಎರಡು ಹಿಡಿ ಸಾಕು, ಆರಿಸಿದ ಮೇಲೆ ಎಲ್ಲ ಸೇರಿ ಒಂದು ಕೆಜಿಯ ಆಸುಪಾಸು ಬರುತ್ತದೆ. ಒಂದೆಲಗ, ಹೊನಗೊನೆಯನ್ನು ಬಚ್ಚಲ ನೀರು ಹರಿದು ಹೋಗುವ ಕಡೆ ನೆಡದೆ, ಬಾವಿಕಟ್ಟೆಯ ತೇವದಲ್ಲಿ ಬೇರು ಸಮೇತ ನೆಟ್ಟುಕೊಂಡರೆ ವರ್ಷವಿಡೀ ಇರುತ್ತವೆ. ರಸ್ತೆ ಬದಿಯದು, ಔಷಧಿ ಹೊಡೆದ ಅಂಚಿನದು ಬೇಡ. ಸಂಖ್ಯೆ ತುಂಬಿಸಲೆಂದು ಗುರುತಿಲ್ಲದ ಕುಡಿಯನ್ನು ಎಂದೂ ಸೇರಿಸಬಾರದು, ಅದರಲ್ಲಿ ವಿಷದ್ದೂ ಇರಬಹುದು.

ಸೊಪ್ಪನ್ನು ಹಿಂದಿನ ಸಂಜೆ ಬೆಳಕಿರುವಾಗಲೇ ಕೊಯ್ದು, ಆರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತೇವೆ. ಕೆಸುವನ್ನು ಮಾತ್ರ ಬೇರೆ ಪಾತ್ರೆಯಲ್ಲಿ ಬೇಯಿಸಬೇಕು. ಹಸಿ ಕೆಸುವಿನಲ್ಲಿ ಸೂಜಿಯಂಥ ಸಣ್ಣ ಹರಳುಗಳಿರುತ್ತವೆ, ಗಂಟಲು ತುರಿಸುವುದು ಅದರಿಂದಲೇ. ನಿಂಬೆ ಗಾತ್ರದ ಹುಣಸೆಹಣ್ಣು ಕಿವುಚಿ ಹಾಕಿ 20 ನಿಮಿಷ ಕುದಿಸಿದರೆ ತುರಿಕೆ ಹೋಗುತ್ತದೆ. ಉಳಿದ ಎಂಟು ಸೊಪ್ಪನ್ನು ಸಣ್ಣಗೆ ಹೆಚ್ಚಿ, 100 ಗ್ರಾಂ ಅಕ್ಕಿ ನುಚ್ಚು ಬೆಂದು ಹದವಾಗಿರುವಾಗ ಅದಕ್ಕೆ ಸೇರಿಸಿ, ಉಪ್ಪು ಹಾಕಿ, ಬೆಂದ ಮೇಲೆ ಕೆಸು ಕೂಡಿಸಿದರೆ ನಮ್ಮ ಮನೆಯ ಹಚ್ಚಂಬಲಿ ಆಯಿತು. ಒಗ್ಗರಣೆ ಇಲ್ಲ, ಖಾರ ಇಲ್ಲ. ಹಾಲಂಬಲಿಗೆ 250 ಗ್ರಾಂ ನುಚ್ಚು, ಒಂದೂವರೆ ಲೀಟರ್ ನೀರು, ಅರ್ಧ ಲೀಟರ್ ಹಾಲು, ಚಿಟಿಕೆ ಉಪ್ಪು. ನುಚ್ಚು ಪೂರ್ತಿ ಕರಗಿದಂತಾದ ಮೇಲೆಯೇ ಹಾಲು ಹಾಕಬೇಕು, ಮೊದಲೇ ಹಾಕಿದರೆ ತಳ ಹಿಡಿಯುತ್ತದೆ. ಹುಳಿ ತಾಗಿದ ಸೌಟನ್ನು ಇದಕ್ಕೆ ಅದ್ದಿದರೆ ಹಾಲು ಒಡೆಯುತ್ತದೆ. ಎರಡು ಅಂಬಲಿಯನ್ನೂ ಬೇರೆ ಬೇರೆ ತೂಗುಪಾತ್ರೆಯಲ್ಲೇ ಒಯ್ದು ಗದ್ದೆಯಲ್ಲಿ ಕೂಡಿಸುವುದು ಇದಕ್ಕಾಗಿ. ಹೀರೆಕಾಯಿ ಎರಡು ಕುದಿಯಲ್ಲಿ ಬೇಯುತ್ತದೆ, ಅದಕ್ಕೆ ಹೇಳುವುದೇನಿಲ್ಲ.

ಕೊಟ್ಟೆ ಕಡುಬಿಗೆ ತುಸು ಹೆಚ್ಚು ಗಮನ ಬೇಕು. ಹತ್ತಿಪ್ಪತ್ತು ಕಡುಬಿಗೆ ಅಕ್ಕಿ ತರಿ 500 ಗ್ರಾಂ, ತಿರುಳು ಬೀಜ ತೆಗೆದು ತುರಿದ ಬೆಳೆದ ಸೌತೆಕಾಯಿ 800 ಗ್ರಾಂ, ಬೆಲ್ಲ 350 ಗ್ರಾಂ, ಸಣ್ಣ ತೆಂಗಿನಕಾಯಿ ಒಂದು, ಅರ್ಧ ಚಮಚ ಉಪ್ಪು. ಸೌತೆಯ ತುದಿಯನ್ನು ಮೊದಲು ನಾಲಿಗೆಗೆ ಹಚ್ಚಿ ನೋಡಿ, ಒಂದು ಕಹಿಕಾಯಿ ಸೇರಿದರೂ ಇಡೀ ಹಿಟ್ಟು ಕೆಡುತ್ತದೆ. ತರಿಯನ್ನು ಬಣ್ಣ ತಿರುಗದಂತೆ ಬೆಚ್ಚಗೆ ಹುರಿಯಬೇಕು. ತುರಿದ ಸೌತೆಯನ್ನು ಹಿಂಡಬಾರದು, ತರಿ ಬೇಯುವುದು ಅದರ ನೀರಿನಲ್ಲೇ. ಬೆಲ್ಲ ಮತ್ತು ಸೌತೆಯನ್ನು ಸಣ್ಣ ಉರಿಯಲ್ಲಿಟ್ಟು, ಬೆಲ್ಲ ಕರಗಿದ ಮೇಲೆ ತರಿ, ಕಾಯಿತುರಿ, ಉಪ್ಪು ಹಾಕಿ ನಾಲ್ಕೈದು ನಿಮಿಷ ಕೈಯಾಡಿಸಿ ಇಳಿಸಬೇಕು. ಮುಚ್ಚಿ 20 ನಿಮಿಷ ಬಿಡಬೇಕು. ಈ ಬಿಡುವುದನ್ನು ಅವಸರಕ್ಕೆ ತಪ್ಪಿಸಿದರೆ ತರಿ ನೀರು ಕುಡಿದಿರುವುದಿಲ್ಲ, ಹಿಟ್ಟು ತೆಳ್ಳಗಿದೆ ಅನಿಸಿ ಮತ್ತೆ ತರಿ ಸುರಿಯುತ್ತೇವೆ, ಬೆಂದ ಕಡುಬು ಕಲ್ಲಾಗುತ್ತದೆ. ಹದ ಬಂದ ಹಿಟ್ಟು ಮುಷ್ಟಿಯಲ್ಲಿ ಹಿಡಿದರೆ ಆಕಾರ ನಿಲ್ಲುತ್ತದೆ, ಬೆರಳ ಸಂದಿಯಲ್ಲಿ ನೀರು ಒಸರುವುದಿಲ್ಲ.

ಈ ತಿಂಗಳಲ್ಲಿ ಅರಿಶಿನದ ಎಲೆ ಅಗಲವಾಗಿ ಬಂದಿರುತ್ತದೆ. ಹಿಂಬದಿಯ ದಪ್ಪ ನರವನ್ನು ಚಾಕುವಿನಿಂದ ಸವರಿ, ಬೆಂಕಿಯ ಮೇಲೆ ಒಮ್ಮೆ ಎಳೆದಾಡಿಸಿದರೆ ಎಲೆ ಬಾಡಿ ಹೇಳಿದಂತೆ ಮಡಚುತ್ತದೆ. ಹಸಿ ಎಲೆ ಮಡಚಿದ ಕಡೆ ಸೀಳಿ, ಬೆಲ್ಲದ ನೀರೆಲ್ಲ ಕೆಳಗೆ ಸೋರುತ್ತದೆ. ಬಾಡಿದ ಎಲೆಯಲ್ಲಿ ಹಿಟ್ಟಿಟ್ಟು ಮಡಚಿ, ಮಡಚಿದ ಬದಿ ಕೆಳಗೆ ಬರುವಂತೆ ಜೋಡಿಸಿ, ನೀರು ಕುದಿ ಬಂದ ಮೇಲೆಯೇ ಇಟ್ಟು, 35 ನಿಮಿಷ ಹಬೆ. ಮುಚ್ಚಳ ತೆಗೆದಾಗ ಅರಿಶಿನದೆಲೆ, ಬೆಲ್ಲ, ಸೌತೆ ಮೂರೂ ಸೇರಿದ ಪರಿಮಳ ಜಗಲಿವರೆಗೆ ಬರುತ್ತದೆ, ಮಲಗಿದ ಮಕ್ಕಳು ಅದಕ್ಕೇ ಎದ್ದು ಬರುವುದು. ರಾತ್ರಿ ಒಂಬತ್ತರೊಳಗೆ ಕಡುಬು ಮುಗಿಸಿ ಮಲಗಿದರೆ, ಬೆಳಗಿನ ಜಾವ ಮೂರೂವರೆಗೆ ಎದ್ದು ಅಂಬಲಿ ಎರಡು, ಅನ್ನ, ಹೀರೆಕಾಯಿ ಮಾಡಿಕೊಳ್ಳಲು ಒಂದೂವರೆ ಗಂಟೆ ಸಾಕು. ಇಬ್ಬರಿದ್ದರೆ ಇನ್ನೂ ಬೇಗ.

ಬುಟ್ಟಿಯ ಕೆಲಸ ಆಯುಧಪೂಜೆಯ ಮರುದಿನವೇ ಶುರುವಾಗಬೇಕು. ಭೂಮಣ್ಣಿ ಬುಟ್ಟಿ, ಅಂದರೆ ಭೂಮಿ ಹುಣ್ಣಿಮೆಯ ಬುಟ್ಟಿ ಎರಡು, ಎಡೆ ಹೊರಲು ದೊಡ್ಡದು, ಚರಗಕ್ಕೆ ಚಿಕ್ಕದು. ನಮ್ಮ ಕಡೆಯ ದೀವರು ಸಮುದಾಯದ ಮನೆಗಳಲ್ಲಿ ಎರಡಕ್ಕೂ ತುಂಬ ಚಿತ್ತಾರ ಬರೆಯುತ್ತಾರೆ. ಕೈ ಪಳಗಿದವರು ಇಲ್ಲವಾದ ಮೇಲೆ ನಾವು ಚಿಕ್ಕದಕ್ಕೆ ಪೂರ್ತಿ ಬರೆದು, ದೊಡ್ಡದಕ್ಕೆ ಕೆಮ್ಮಣ್ಣು ಬಳಿದು ಅಂಚಿಗೆ ಏಣಿಯ ಸಾಲು ಮಾತ್ರ ಎಳೆಯುತ್ತೇವೆ. ಮೊದಲು ಹೆಣಿಗೆಯ ಸಂದಿ ಮುಚ್ಚುವಂತೆ ಸಗಣಿ ಸಾರಿಸಿ ನೆರಳಲ್ಲಿ ಒಂದು ದಿನ ಒಣಗಿಸುವುದು. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಕೆಮ್ಮಣ್ಣನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ದೋಸೆ ಹಿಟ್ಟಿನ ಹದಕ್ಕೆ ತಂದು ತೆಳ್ಳಗೆ ಎರಡು ಸಲ ಬಳಿಯುವುದು. ಒಂದೇ ಸಲ ದಪ್ಪಗೆ ಬಳಿದದ್ದು ಬುಟ್ಟಿ ಹೊರುವಾಗ ಹಕ್ಕಳೆಯಾಗಿ ಉದುರುತ್ತದೆ. ಬಿಳಿ ಬಣ್ಣಕ್ಕೆ ರಾತ್ರಿ ನೆನೆಸಿದ ಹಿಡಿ ಅಕ್ಕಿಯನ್ನು ನುಣ್ಣಗೆ ರುಬ್ಬಿ, ಬೆರಳಿಂದ ಎಳೆಯಾಗಿ ಇಳಿಯುವಷ್ಟು ನೀರು ಬೆರೆಸುವುದು. ತರಿ ಉಳಿದರೆ ಗೆರೆ ನಿಲ್ಲುವುದಿಲ್ಲ.

ಕುಂಚಕ್ಕೆ ಪುಂಡಿ ನಾರೇ ಆಗಬೇಕು. ಮೂರು ನಾಲ್ಕು ಎಳೆ ಸೇರಿಸಿ, ತುದಿ ಬಿಟ್ಟು ದಾರ ಸುತ್ತಿ, ಬಣ್ಣದಲ್ಲಿ ಅದ್ದಿ ಬಟ್ಟಲ ಅಂಚಿಗೊಮ್ಮೆ ಒರೆಸಿ, ಬುಟ್ಟಿಗೆ ತಾಗಿಸಿ ನಾರನ್ನು ಮಲಗಿಸಿಯೇ ತನ್ನ ಕಡೆ ಎಳೆಯಬೇಕು. ನಾರು ಮಲಗಿದಷ್ಟು ಉದ್ದ ಗೆರೆ ಒಂದೇ ದಪ್ಪದಲ್ಲಿ ಬರುತ್ತದೆ, ತುದಿಯಿಂದ ಗೀಚಿದರೆ ಗಂಟು ಗಂಟಾಗುತ್ತದೆ. ಕೆಂಪು ಹಸಿಯಿರುವಾಗ ಬಿಳಿ ಎಳೆದರೆ ಗುಲಾಬಿಯಾಗಿ ಹರಡುತ್ತದೆ. ಆ ವಾರ ಮಳೆ ಹಿಡಿದರೆ ಬುಟ್ಟಿಯನ್ನು ಒಲೆಯ ಮೇಲಿನ ಅಟ್ಟಕ್ಕೆ ತೂಗುಹಾಕುವುದೊಂದೇ ದಾರಿ. ಕೆಲಸ ಉಳಿಯಲೆಂದು ಪೇಟೆಯ ಎಣ್ಣೆ ಬಣ್ಣ ಹೊಡೆಯುವುದನ್ನು ನಾನು ಒಪ್ಪುವುದಿಲ್ಲ. ಅನ್ನದ ಬುಟ್ಟಿಗೆ ಅದು ಸಲ್ಲದು, ಮುಂದಿನ ವರ್ಷ ಅದರ ಮೇಲೆ ಕೆಮ್ಮಣ್ಣೂ ಹಿಡಿಯುವುದಿಲ್ಲ.

ಬುಟ್ಟಿ ತುಂಬುವಾಗ ಕೆಳಗೆ ಬಾಡಿಸಿದ ಬಾಳೆಲೆ, ಅದರ ಮೇಲೆ ಕಡುಬು, ಮೇಲೆ ಅನ್ನ, ಪಲ್ಯ. ನೀರಿನ ಪದಾರ್ಥ ಬುಟ್ಟಿಗೆ ಬೇಡ, ಚೆಲ್ಲಿದರೆ ವಾರದ ಚಿತ್ತಾರ ಹೋಯಿತು.

ಚರಗವನ್ನು ಬೆಳಕು ಹರಿಯುವ ಮೊದಲೇ ಬೀರುವುದು. ಮೂರು ಲೀಟರ್ ಹಿಡಿಯುವ ಪಾತ್ರೆಯಷ್ಟು ಮಾಡಿಕೊಂಡರೆ ಎಕರೆ ಗದ್ದೆಗೆ ಧಾರಾಳ, ಚಿಟಿಕೆ ಚಿಟಿಕೆ ಬೀರಬೇಕೇ ವಿನಾ ಸುರಿಯಬಾರದು. ಅಂಚಿನ ಮೇಲೇ ನಡೆಯಬೇಕು, ಗದ್ದೆಗೆ ಇಳಿದರೆ ಹೊಡೆ ತುಂಬಿದ ದಂಟು ಮುರಿಯುತ್ತದೆ. ಟಾರ್ಚು, ಕೈಯಲ್ಲೊಂದು ಕೋಲು ಇರಲಿ, ಹಾವಿನ ಕಾಲ ಅದು. ಪೂಜೆಗೆ ದೂರದ ಗದ್ದೆಯ ತನಕ ಹೋಗಬೇಕೆಂದಿಲ್ಲ. ವಯಸ್ಸಾದವರು ನಡೆದು ಬರಬಹುದಾದ ಮೂಲೆಯಲ್ಲೇ ನಾಲ್ಕು ಬುಡ ಭತ್ತಕ್ಕೆ ಅರಿಶಿನ ಕುಂಕುಮ ಹಚ್ಚಿ, ಮನೆಯ ಹೆಂಗಸರು ಕೊರಳ ಸರ ತೆಗೆದು ಅದಕ್ಕೆ ತೊಡಿಸಿ ಪೂಜೆ ಮಾಡುತ್ತಾರೆ. ಹೊರಡುವ ಮೊದಲು ಸರ ತೆಗೆದುಕೊಂಡದ್ದನ್ನು ಎಣಿಸಿಕೊಳ್ಳಿ. ಕಾಗೆಗೊಂದು ಎಡೆ, ಇಲಿಗೊಂದು ಎಡೆ, ಒಂದು ಕಡುಬು ಮಣ್ಣಿನೊಳಗೆ. ಹೂಳುವ ಕಡುಬಿಗೆ ಬಾಳೆ ನಾರಿನ ಕಟ್ಟು, ಪ್ಲಾಸ್ಟಿಕ್ ದಾರ ಬೇಡ. ಕೊಯ್ಲಿನಲ್ಲಿ ಅದನ್ನು ಹುಡುಕಿ ತೆಗೆಯುವವರು ಮೇಲೊಂದು ಗೂಟ ನೆಡುವುದು ಒಳ್ಳೆಯದು.

ಮನೆಯಲ್ಲಿ ಸಾವಾದ ವರ್ಷ ಹಲವರು ಹಬ್ಬ ಬಿಡುತ್ತಾರೆ, ಅವರವರ ಕ್ರಮ. ವರ್ಷ ಕಳೆದ ಮೇಲಿನ ಮೊದಲ ಹುಣ್ಣಿಮೆ ಇನ್ನೂ ಕಷ್ಟದ್ದು, ಹೋದವರು ಮಾಡುತ್ತಿದ್ದ ಕೆಲಸ ಒಂದೊಂದಾಗಿ ಎದುರು ಬರುತ್ತದೆ. ಆ ವರ್ಷ ಬುಟ್ಟಿಗೆ ಚಿತ್ತಾರ ಬೇಡ, ಕೆಮ್ಮಣ್ಣು ಸಾಕು. ಎರಡು ಅಂಬಲಿ, ಹೀರೆಕಾಯಿ, ಐದು ಕಡುಬು. ಅವರ ಪಾಲಿನ ಕೆಲಸವನ್ನು ಹಬ್ಬಕ್ಕೆ ಮೊದಲೇ ಒಬ್ಬರ ಹೆಸರಿಗೆ ಹಚ್ಚಿರಬೇಕು. ಸೊಪ್ಪು ಯಾರು ಕೊಯ್ಯುವುದು, ಚರಗ ಕೂಗುವುದು ಯಾರು ಎಂದು ಆ ಬೆಳಗ್ಗೆ ಕತ್ತಲಲ್ಲಿ ನಿಂತು ಕೇಳಿಕೊಳ್ಳುವಂತೆ ಆಗಬಾರದು. ಅಳು ಬಂದರೆ ಅಳಲಿ, ಅದಕ್ಕೂ ಹೊತ್ತು ಇರಲಿ ಎಂದೇ ಅಡುಗೆ ಕಡಿಮೆ ಮಾಡುವುದು.

ಬೆಂಗಳೂರಲ್ಲಿರುವ ಮಕ್ಕಳಿಗೆ ವಾರದ ನಡುವೆ ರಜೆ ಸಿಗದು. ಹುಣ್ಣಿಮೆಯನ್ನು ಮುಂದೂಡಲು ಬರುವುದಿಲ್ಲ, ಊಟವನ್ನು ಮುಂದೂಡಬಹುದು. ಚರಗ, ಪೂಜೆಯನ್ನು ಊರಲ್ಲಿದ್ದವರು ಆ ದಿನವೇ ಮುಗಿಸಿ, ಎಲ್ಲರೂ ಕೂತು ಉಣ್ಣುವುದನ್ನು ಮುಂದಿನ ಭಾನುವಾರಕ್ಕೆ ಇಟ್ಟಿದ್ದೇವೆ. ಕಡುಬಿನ ತರಿ, ತೆಂಗಿನಕಾಯಿ, ಎಲೆ ಎರಡು ಪಾಲು ಮಾಡಿ ಒಂದನ್ನು ಆ ದಿನಕ್ಕೆ ಎತ್ತಿಡುತ್ತೇವೆ. ಅರಿಶಿನದೆಲೆಯನ್ನು ಬಾಡಿಸದೆ ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಲ್ಲಿಟ್ಟರೆ ನಾಲ್ಕು ದಿನ ತಡೆಯುತ್ತದೆ, ಅದಕ್ಕಿಂತ ತಡವಾಗುವುದಾದರೆ ಗಿಡದಲ್ಲೇ ಬಿಡಬೇಕು. ಭಾನುವಾರದ ಕೆಲಸ ಬಂದವರದು: ಗಂಡಸರು ಕಾಯಿ ಮತ್ತು ಸೌತೆ ತುರಿಯುವುದು, ಮಕ್ಕಳು ಎಲೆ ಒರೆಸಿ ಮಡಚುವುದು. ಹುಣ್ಣಿಮೆಯ ದಿನ ಅಟ್ಟವರು ಅವತ್ತು ಮೊದಲ ಪಂಕ್ತಿಗೆ ಕೂರುತ್ತಾರೆ, ಬಡಿಸುವ ಸೌಟು ಅವರ ಕೈಗೆ ಕೊಡುವುದಿಲ್ಲ.