ಪಿಟೀಲನ್ನು ಮರಳಿ ಕೈಗೆತ್ತಿಕೊಳ್ಳುವಾಗ

ಎಳವೆಯಲ್ಲಿ ಕಲಿತು ಬಿಟ್ಟ ಪಿಟೀಲನ್ನು 50 ದಾಟಿದ ಮೇಲೆ ಪೆಟ್ಟಿಗೆಯಿಂದ ಹೊರತೆಗೆದವರು ಕೆಲವೇ ದಿನಗಳಲ್ಲಿ ಅದನ್ನು ಮತ್ತೆ ಮುಚ್ಚಿಡುವುದುಂಟು. ಬೆರಳುಗಳಿಗೆ ಪಾಠ ಮರೆತಿರುತ್ತದೆ, ಕಿವಿಗೆ ಮರೆತಿರುವುದಿಲ್ಲ. ಹಿಂದೆ ತಾವು ಹೇಗೆ ನುಡಿಸುತ್ತಿದ್ದೆವೆಂಬುದು ಸ್ಪಷ್ಟವಾಗಿ ನೆನಪಿರುವುದರಿಂದಲೇ ಇಂದಿನ ಒರಟು ನಾದ ಸಹಿಸಲಾಗದಂತೆ ಕೇಳಿಸುತ್ತದೆ. ಆದ್ದರಿಂದ ಅಭ್ಯಾಸದ ಕ್ರಮವನ್ನು ಈ ಅಂತರವನ್ನು ಗಮನದಲ್ಲಿಟ್ಟುಕೊಂಡೇ ರೂಪಿಸಿಕೊಳ್ಳಬೇಕು.

ಮೊದಲು ವಾದ್ಯದ ಪರೀಕ್ಷೆ. ಪಿಟೀಲಿನ ಕುದುರೆಯನ್ನು, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡನ್ನು, ಅಂಟಿಸಿರುವುದಿಲ್ಲ, ತಂತಿಗಳ ಒತ್ತಡವೇ ಅದನ್ನು ನಿಲ್ಲಿಸಿರುತ್ತದೆ. ಒಳಗಿರುವ ಪುಟ್ಟ ಮರದ ಕಂಬದ ಸ್ಥಿತಿಯೂ ಅದೇ. ನಾಲ್ಕೂ ಹಳೆಯ ತಂತಿಗಳನ್ನು ಒಮ್ಮೆಗೇ ಬಿಚ್ಚಿದರೆ ಇವೆರಡೂ ಬಿದ್ದುಹೋಗಬಹುದು, ಹಾಗಾಗಿ ಒಂದೊಂದೇ ತಂತಿಯನ್ನು ಬದಲಿಸಬೇಕು. ಬಹುಕಾಲ ಮುಚ್ಚಿದ್ದ ಪೆಟ್ಟಿಗೆಯಲ್ಲಿ ಕಮಾನಿನ ಕೂದಲನ್ನು ಹುಳು ತಿಂದಿರುವ ಸಾಧ್ಯತೆಯಿದೆ. ಮರದಲ್ಲಿ ಬಿರುಕು ಕಂಡರೆ ಶ್ರುತಿ ಏರಿಸದೆ ವಾದ್ಯ ದುರಸ್ತಿ ಬಲ್ಲವರಿಗೆ ತೋರಿಸುವುದು ಲೇಸು.

ಆರಂಭದ ಎರಡು ವಾರ ದಿನಕ್ಕೆ ಎರಡು ಬಾರಿ, 10ರಿಂದ 15 ನಿಮಿಷ ಮಾತ್ರ ನುಡಿಸಿ. ಮೆತ್ತಗಾದ ಬೆರಳ ತುದಿ ಉರಿಯುವುದು ಸಹಜ, ಚರ್ಮ ಕ್ರಮೇಣ ಗಟ್ಟಿಯಾಗುತ್ತದೆ. ಮಣಿಕಟ್ಟು, ಮೊಣಕೈ ಅಥವಾ ಭುಜ ನೋಯುವುದು, ಕೈ ಜೋಮು ಹಿಡಿಯುವುದು ಸಹಜವಲ್ಲ. ತಕ್ಷಣ ನಿಲ್ಲಿಸಬೇಕು, ಮರುಕಳಿಸಿದರೆ ವೈದ್ಯರನ್ನು ಕಾಣಬೇಕು.

ಮೊದಲ ವಾರ ಎಡಗೈಗೆ ಕೆಲಸವೇ ಬೇಡ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಿಮಿಷಕ್ಕೆ 60 ಬಡಿತಗಳ ಲಯವನ್ನಿಟ್ಟುಕೊಂಡು ಬೆರಳೊತ್ತದ ಬಿಡಿ ತಂತಿಯ ಮೇಲೆ ಒಂದು ಕಮಾನನ್ನು 4 ಬಡಿತಗಳಷ್ಟು, ಅದು ನಡುಗದೆ ಸಾಗಿದ ಮೇಲೆ 8 ಬಡಿತಗಳಷ್ಟು ಎಳೆಯಿರಿ. ಕಮಾನು ಕುದುರೆಗೆ ಸಮಾನಾಂತರವಾಗಿ ಚಲಿಸುತ್ತಿದೆಯೇ ಎಂಬುದನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ಕಳೆದುಹೋಯಿತೆಂದುಕೊಂಡಿದ್ದ ನಾದದ ಬಹುಪಾಲು ಈ ಬಲಗೈಯಲ್ಲಿಯೇ ಇದೆ.

ಅನಂತರ ಶ್ರುತಿ ಹಿಡಿದು ಸ್ವರಗಳನ್ನು ನಿಧಾನವಾಗಿ ನುಡಿಸಿ. ವೀಣೆಯಲ್ಲಿ ಸ್ವರಸ್ಥಾನ ತೋರುವ ಮೆಟ್ಟಿಲುಗಳಂಥವು ಪಿಟೀಲಿಗೆ ಇಲ್ಲದ ಕಾರಣ ಬೆರಳು ತನ್ನ ಸ್ಥಾನವನ್ನು ಕೇಳಿಯೇ ಕಂಡುಕೊಳ್ಳಬೇಕು; ಇಷ್ಟು ದಿನ ತಪ್ಪೆಣಿಸುತ್ತಿದ್ದ ಕಿವಿ ಇಲ್ಲಿ ಬೆರಳಿಗೆ ದಾರಿ ತೋರುತ್ತದೆ. ಹಳೆಯ ಮೆಚ್ಚಿನ ಕೃತಿಗೆ ಮರಳುವುದಾದರೆ ಅರ್ಧ ವೇಗದಲ್ಲಿ ಮರಳಿ, ತಡವರಿಸುವ ಎರಡು ಸಾಲುಗಳನ್ನಷ್ಟೇ ಪ್ರತ್ಯೇಕಿಸಿ ಅಭ್ಯಾಸ ಮಾಡಿ.

ಕಣ್ಣಿನ ವಿಷಯವನ್ನು ಅನೇಕರು ಮರೆಯುತ್ತಾರೆ. ಓದುವ ಕನ್ನಡಕ ಕೈಯಲ್ಲಿ ಹಿಡಿದ ಪುಸ್ತಕದ ದೂರಕ್ಕೆ ಹೊಂದುತ್ತದೆ. ಸ್ವರಲಿಪಿಯ ಹಾಳೆ ಅದಕ್ಕಿಂತ ದೂರದಲ್ಲಿರುವುದರಿಂದ ಕತ್ತು ಮುಂದೆ ಚಾಚಿ ನೋವು ಬರುತ್ತದೆ. ಆ ದೂರವನ್ನು ಅಳೆದು ಕಣ್ಣಿನ ತಜ್ಞರಿಗೆ ತಿಳಿಸಿ, ಅದಕ್ಕೆಂದೇ ಇನ್ನೊಂದು ಕನ್ನಡಕವನ್ನು ಮಾಡಿಸಿಕೊಳ್ಳಿ, ಇಲ್ಲವೇ ಹಾಳೆಯನ್ನು ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿಕೊಳ್ಳಿ.

ಪ್ರತಿ ಬಾರಿ ನುಡಿಸಿದ ಮೇಲೆ ಕಮಾನನ್ನು ಸಡಿಲಿಸಿ, ಕಮಾನಿನ ಕೂದಲಿಗೆ ಹಚ್ಚಿ ತಂತಿಯ ಕೆಳಗೆ ಉದುರಿದ ರಾಳದ ಪುಡಿಯನ್ನು ಒಣ ಬಟ್ಟೆಯಿಂದ ಒರೆಸಿ. ತಿಂಗಳಿಗೊಮ್ಮೆ ಒಂದೇ ಪಾಠವನ್ನು ಧ್ವನಿಮುದ್ರಿಸಿಕೊಂಡು ದಿನಾಂಕ ಹಾಕಿಡಿ, ಮೂರನೆಯ ತಿಂಗಳು ಮುಗಿಯುವವರೆಗೆ ಮೊದಲನೆಯದನ್ನು ಕೇಳಬೇಡಿ.